ವಾರ್ಡಿನ ದುಡಿಮೆ, ಕರುಳಿನ ಬೇನೆ

(ಸಂಘದ ಉಪನ್ಯಾಸಮಾಲೆಯಲ್ಲಿ ಮುಂಬಯಿಯ ನಿವೃತ್ತ ವೈದ್ಯರೊಬ್ಬರು ಮಾಡಿದ ಭಾಷಣದ ಪಾಠ)



ಈ ಉಪನ್ಯಾಸಮಾಲೆಯಲ್ಲಿ ಗಡಿಯ ಪ್ರಶ್ನೆ, ಶಾಲೆಯ ಪ್ರಶ್ನೆ, ಭಾಷೆಯ ಪ್ರಶ್ನೆಗಳು ಚರ್ಚೆಯಾಗುತ್ತ ಬಂದಿವೆ. ಕರುಳಿನ ರೋಗವೊಂದನ್ನು ವಿಷಯವಾಗಿ ಆರಿಸಿಕೊಂಡಾಗ ಕಾರ್ಯಕಾರಿ ಸಮಿತಿಯಲ್ಲಿ ಸ್ವಲ್ಪ ಮುಜುಗರವಾಯಿತೆಂದು ಕೇಳಿದ್ದೇನೆ. ದೀಪ ಬೆಳಗಿಸಿದ ವೇದಿಕೆಯಿಂದ ಮಲ, ರಕ್ತ, ಶೌಚಾಲಯ ಎಂಬ ಶಬ್ದಗಳನ್ನು ಆಡುವುದು ಹೇಗೆ ಎಂಬುದು ಒಬ್ಬ ಹಿರಿಯರ ಶಂಕೆ. ಅವರ ಮೇಲೆ ನನಗೆ ಗೌರವವಿದೆ. ಆದರೆ ಈ ಶಬ್ದಗಳನ್ನು ಆಡಲಾರದ ಕಾರಣಕ್ಕಾಗಿಯೇ ನಮ್ಮ ಎಷ್ಟೋ ಹೆಣ್ಣುಮಕ್ಕಳು ವರ್ಷಗಟ್ಟಲೆ ಬೇನೆಯನ್ನು ಬಚ್ಚಿಟ್ಟುಕೊಂಡು ದುಡಿದಿದ್ದಾರೆ. ಆದ್ದರಿಂದ ಕ್ಷಮೆ ಕೇಳದೆಯೇ ಮುಂದುವರಿಯುತ್ತೇನೆ.

ಮುಂಬಯಿಯ ಕನ್ನಡಿಗರಿಗೆ ಹೊತ್ತುಗೊತ್ತಿಲ್ಲದ ದುಡಿಮೆ ಹೊಸದಲ್ಲ. ಗಿರಣಿಯ ಮೂರನೆಯ ಪಾಳಿಯನ್ನು ನಾವು ಬಲ್ಲೆವು. ಹಗಲೆಲ್ಲ ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು, ಸಂಜೆ ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಅಕ್ಷರ ಕಲಿತ ತಲೆಮಾರಿನವರು ಈ ಸಭೆಯಲ್ಲಿಯೂ ಇದ್ದಾರೆ. ಆ ದುಡಿಮೆಯ ಕಥೆಯನ್ನು ನಾವು ಸ್ಮರಣ ಸಂಚಿಕೆಗಳಲ್ಲಿ ಅಭಿಮಾನದಿಂದ ಬರೆದುಕೊಂಡಿದ್ದೇವೆ. ಕರಾವಳಿಯಿಂದ ಬಂದು ಈ ನಗರದ ಆಸ್ಪತ್ರೆಗಳಲ್ಲಿ ಬಿಳಿಯ ಉಡುಪು ತೊಟ್ಟು ನಿಂತ ಸಿಸ್ಟರುಗಳ ಕಥೆ, ಇಲ್ಲಿಯ ರೂಢಿಯಂತೆ ಮಾಮಾ, ಮಾವಶಿ ಎಂದು ಕರೆಸಿಕೊಂಡು ಬೆಡ್‌ಪ್ಯಾನ್ ಎತ್ತಿದವರ ಕಥೆ ಮಾತ್ರ ಅಷ್ಟಾಗಿ ಬರಲಿಲ್ಲ. ಅವರ ಮನೆಗಳಲ್ಲಿ ಮಾತನಾಡುವುದು ತುಳು ಇರಬಹುದು, ಕೊಂಕಣಿ ಇರಬಹುದು, ಕನ್ನಡ ಇರಬಹುದು. ಸಂಘದ ಸದಸ್ಯತ್ವದ ರಸೀದಿ ಅವರ ಪರ್ಸಿನಲ್ಲಿ ಇಲ್ಲದಿರಬಹುದು. ಆದರೂ ಅವರು ನಮ್ಮವರೇ.

ಮೊದಲು ರೋಗದ ಪರಿಚಯ. ಕರುಳಿನ ದೀರ್ಘಕಾಲದ ಉರಿಯೂತ ಎಂದು ನಾವು ಕರೆಯುವುದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಅಲ್ಸರೇಟಿವ್ ಕೊಲೈಟಿಸ್. ಇದು ದೊಡ್ಡ ಕರುಳಿನ ಒಳಪದರಕ್ಕೆ ಸೀಮಿತವಾದದ್ದು. ಗುದದ್ವಾರದ ಬಳಿಯಿಂದ ಆರಂಭವಾಗಿ ಮೇಲಕ್ಕೆ ಹಬ್ಬುತ್ತದೆ. 1859ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ವಿಲ್ಕ್ಸ್ ಇದನ್ನು ವರ್ಣಿಸಿದನು. ಇನ್ನೊಂದು, 1932ರಲ್ಲಿ ನ್ಯೂಯಾರ್ಕಿನ ಕ್ರೋನ್, ಗಿನ್ಸ್‌ಬರ್ಗ್, ಓಪನ್‌ಹೈಮರ್ ಎಂಬ ಮೂವರು ವೈದ್ಯರು ವಿವರಿಸಿದ ಕ್ರೋನ್ ರೋಗ. ಮೂವರ ಪರಿಶ್ರಮಕ್ಕೆ ಒಬ್ಬನ ಹೆಸರು ನಿಂತಿತು. ವೈದ್ಯಶಾಸ್ತ್ರದಲ್ಲಿ ಇಂಥ ಅನ್ಯಾಯಗಳು ಧಾರಾಳವಾಗಿವೆ. ಕ್ರೋನ್ ರೋಗ ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು. ಸಣ್ಣ ಕರುಳಿನ ತುದಿ ಅದಕ್ಕೆ ಪ್ರಿಯವಾದ ಸ್ಥಳ. ಅದು ಕರುಳಿನ ಗೋಡೆಯ ಪೂರ್ಣ ದಪ್ಪವನ್ನು ಹಿಡಿಯುತ್ತದೆ; ಕರುಳು ಕಿರಿದಾಗುವುದು, ತೂತಾಗುವುದು ಇದರ ಪರಿಣಾಮಗಳು. ಎರಡರಲ್ಲಿಯೂ ದೇಹದ ರಕ್ಷಣಾವ್ಯವಸ್ಥೆ ತನ್ನ ಕರುಳಿನ ಮೇಲೆಯೇ ಯುದ್ಧ ಹೂಡುತ್ತದೆ. ಎರಡೂ ಹೆಚ್ಚಾಗಿ ಆರಂಭವಾಗುವುದು ಹದಿನೈದರಿಂದ ಮೂವತ್ತೈದರ ಪ್ರಾಯದಲ್ಲಿ. ಅಂದರೆ ನರ್ಸಿಂಗ್ ಕಲಿತು, ಕೆಲಸಕ್ಕೆ ಸೇರಿ, ಊರಿಗೆ ಹಣ ಕಳಿಸುತ್ತ, ಮದುವೆಯ ಮಾತು ನಡೆಯುತ್ತಿರುವ ಪ್ರಾಯದಲ್ಲಿ.

ಲಕ್ಷಣಗಳು ಸರಳ: ರಕ್ತಮಿಶ್ರಿತ ಭೇದಿ, ಹೊಟ್ಟೆ ಹಿಂಡುವುದು, ದಿನಕ್ಕೆ ಎಂಟು ಹತ್ತು ಬಾರಿ ಓಡಬೇಕಾದ ಆತುರ, ತೂಕ ಇಳಿಯುವುದು, ರಕ್ತಹೀನತೆ, ಹೇಳತೀರದ ಆಯಾಸ. ನಮ್ಮಲ್ಲಿ ಇದಕ್ಕೆ ಬೇರೆ ಬೇರೆ ಹೆಸರುಗಳು ಸಿದ್ಧವಾಗಿರುತ್ತವೆ. ರಕ್ತ ಕಂಡರೆ ಮೂಲವ್ಯಾಧಿ. ಲೋಳೆ ಕಂಡರೆ ಆಮಶಂಕೆ. ಎರಡೂ ಅಲ್ಲವೆಂದರೆ ಮೈಯಲ್ಲಿ ಉಷ್ಣ ಹೆಚ್ಚಾಗಿದೆ. ಆಸ್ಪತ್ರೆಯಲ್ಲಿಯೇ ಇರುವವರು ಬೇಗ ತಪಾಸಣೆ ಮಾಡಿಸಿಕೊಳ್ಳುತ್ತಾರೆಂದು ನೀವು ಭಾವಿಸಬಹುದು. ನನ್ನ ಅನುಭವ ಬೇರೆ. ಸಿಸ್ಟರ್ ವಾರ್ಡಿನ ಬೀರುವಿನಿಂದ ಮೆಟ್ರೊನಿಡಜೋಲ್ ಗುಳಿಗೆ ತೆಗೆದು ನುಂಗುತ್ತಾಳೆ. ರೌಂಡಿಗೆ ಬಂದ ಕಿರಿಯ ವೈದ್ಯನನ್ನು ಬಾಗಿಲ ಬಳಿ ತಡೆದು, 'ಡಾಕ್ಟರೇ, ಹೊಟ್ಟೆ ಸರಿಯಿಲ್ಲ, ಏನಾದರೂ ಬರೆಯಿರಿ' ಎನ್ನುತ್ತಾಳೆ. ಅವನೂ ನಿಂತಲ್ಲಿಯೇ ಬರೆದುಕೊಡುತ್ತಾನೆ. ಹೊರರೋಗಿಗಳ ಸಾಲಿನಲ್ಲಿ ಕುಳಿತು ಚೀಟಿ ಮಾಡಿಸಿಕೊಂಡಿದ್ದರೆ ಒಂದು ತಿಂಗಳಲ್ಲಿ ಕೊಲೊನೋಸ್ಕೊಪಿ ಆಗುತ್ತಿತ್ತು. ಔಷಧದ ಬೀರು ಹತ್ತಿರವಿದ್ದಷ್ಟೂ ವೈದ್ಯ ದೂರ.

ಇದು ಬಿಳಿಯರ ರೋಗ, ಸಿರಿವಂತರ ರೋಗ ಎಂಬ ಭಾವನೆ ಬಹುಕಾಲ ಇತ್ತು. ಪಂಜಾಬಿನಲ್ಲಿ ಸುಮಾರು 52 ಸಾವಿರ ಜನರನ್ನು ಮನೆಮನೆಗೆ ಹೋಗಿ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ಈ ಭ್ರಮೆಯನ್ನು ಕಳೆಯಿತು. ಒಂದು ಲಕ್ಷ ಜನರಲ್ಲಿ 44 ಮಂದಿಗೆ ಅಲ್ಸರೇಟಿವ್ ಕೊಲೈಟಿಸ್ ಇತ್ತು. ಊರು ಬಿಟ್ಟು ಬಂದ ನಮ್ಮಂಥವರು ಗಮನಿಸಬೇಕಾದ ಇನ್ನೊಂದು ಅಧ್ಯಯನವಿದೆ. ಇಂಗ್ಲೆಂಡಿನ ಲೆಸ್ಟರ್ ಪ್ರದೇಶದಲ್ಲಿ ನೆಲೆಸಿದ ಭಾರತೀಯ ಮೂಲದವರನ್ನು ಅಲ್ಲಿಯ ಮೂಲನಿವಾಸಿಗಳೊಂದಿಗೆ ಹೋಲಿಸಿ 1992ರಲ್ಲಿ ಪ್ರಕಟವಾದ ವರದಿ ಅದು. ವಲಸೆ ಬಂದವರಲ್ಲಿ ಈ ರೋಗ ಸ್ಥಳೀಯರಿಗಿಂತ ಹೆಚ್ಚಾಗಿ ಕಂಡಿತು. ನೆಲ ಬದಲಾದಾಗ ಅನ್ನ ಬದಲಾಗುತ್ತದೆ, ನೀರು ಬದಲಾಗುತ್ತದೆ, ಕರುಳಿನಲ್ಲಿ ವಾಸಿಸುವ ಕೋಟ್ಯಂತರ ಸೂಕ್ಷ್ಮಜೀವಿಗಳ ಸಂಸಾರವೂ ಬದಲಾಗುತ್ತದೆ. ಲೆಸ್ಟರಿನ ಫಲಿತಾಂಶವನ್ನು ಮುಂಬಯಿಗೆ ಹಾಗೆಯೇ ತಂದು ಅಂಟಿಸುವುದು ತಪ್ಪಾದೀತು. ಆದರೆ ಈ ರೋಗ ರಕ್ತದಲ್ಲಿ ಬರೆದಿಟ್ಟ ವಿಧಿ ಮಾತ್ರವಲ್ಲ, ಬದುಕುವ ರೀತಿಗೂ ಅದಕ್ಕೂ ನಂಟಿದೆ ಎಂಬುದಕ್ಕೆ ಅದು ಸಾಕ್ಷಿ.

ಈಗ ಇಂದಿನ ವಿಷಯಕ್ಕೆ ಬರುತ್ತೇನೆ. ಆಸ್ಪತ್ರೆಯ ಕೆಲಸದಿಂದ ಈ ರೋಗ ಬರುತ್ತದೆಯೆ?

ಈ ಪ್ರಶ್ನೆಯೊಳಗೆ ವಾಸ್ತವವಾಗಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಕೆಲಸ ರೋಗವನ್ನು ತರುತ್ತದೆಯೆ ಎಂಬುದು ಒಂದು. ರೋಗ ಬಂದವರಿಗೆ ಕೆಲಸ ಏನು ಮಾಡುತ್ತದೆ ಎಂಬುದು ಇನ್ನೊಂದು. ಕಾನೂನು, ಆಡಳಿತ, ಅನೇಕ ಸಲ ನಮ್ಮ ಕಾರ್ಮಿಕ ಸಂಘಟನೆಗಳೂ ಮೊದಲನೆಯದನ್ನು ಮಾತ್ರ ಕೇಳುತ್ತವೆ. ಅದಕ್ಕೆ ಸ್ಪಷ್ಟ ಉತ್ತರ ಸಿಗದಾಗ ಕಡತವನ್ನು ಮುಚ್ಚುತ್ತವೆ. ಎರಡನೆಯದಕ್ಕೆ ಉತ್ತರ ಸ್ಪಷ್ಟವಾಗಿಯೇ ಇದೆ. ನನ್ನ ವಾದವೆಲ್ಲ ಇಷ್ಟೇ.

ಮೊದಲನೆಯ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸೋಣ. ಜರ್ಮನಿಯಲ್ಲಿ ಸಾಮಾಜಿಕ ವಿಮೆಯ ದಾಖಲೆಗಳನ್ನು ಆಧರಿಸಿ ಸೊನೆನ್‌ಬರ್ಗ್ ಎಂಬ ತಜ್ಞರು 1990ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಯಲಿನಲ್ಲಿ ಮೈಬಗ್ಗಿಸಿ ದುಡಿಯುವವರಲ್ಲಿ ಕರುಳಿನ ಉರಿಯೂತ ಕಡಿಮೆ. ಹವಾನಿಯಂತ್ರಿತ ಕೃತಕ ವಾತಾವರಣದಲ್ಲಿ, ಅನಿಯಮಿತ ಪಾಳಿಗಳಲ್ಲಿ ದುಡಿಯುವವರಲ್ಲಿ ಹೆಚ್ಚು ಎಂದು ಅವರು ಕಂಡರು. ಇದನ್ನು ಓದಿದ ಯಾರಿಗಾದರೂ ಐ.ಸಿ.ಯು. ನೆನಪಾಗದಿರದು.

ಆದರೆ ಅಷ್ಟಕ್ಕೇ ನಿಲ್ಲುವಂತಿಲ್ಲ. ಅಮೆರಿಕದಲ್ಲಿ ನರ್ಸುಗಳನ್ನೇ ದಶಕಗಳ ಕಾಲ ಹಿಂಬಾಲಿಸಿದ ಒಂದು ಮಹಾ ಅಧ್ಯಯನವಿದೆ. 1976ರಲ್ಲಿ ಮೊದಲ ತಂಡ, 1989ರಲ್ಲಿ ಎರಡನೆಯ ತಂಡ. ಲಕ್ಷಕ್ಕೂ ಮಿಕ್ಕಿದ ಈ ದಾದಿಯರು ಎರಡೆರಡು ವರ್ಷಕ್ಕೊಮ್ಮೆ ತಮ್ಮ ಆಹಾರ, ನಿದ್ರೆ, ಔಷಧ, ಕಾಯಿಲೆಗಳ ಲೆಕ್ಕವನ್ನು ಬರೆದು ಕಳಿಸುತ್ತ ಬಂದರು. ಇಂದು ಸ್ತ್ರೀಯರ ಆರೋಗ್ಯದ ಬಗ್ಗೆ ಜಗತ್ತಿಗೆ ಗೊತ್ತಿರುವುದರಲ್ಲಿ ಬಹುಪಾಲು ಈ ನರ್ಸುಗಳ ಉಪಕಾರ. ಅವರ ಪೈಕಿ 1,51,871 ಮಂದಿಯ ಮಾಹಿತಿಯನ್ನು ಅನಂತಕೃಷ್ಣನ್ ಮತ್ತು ಸಹೋದ್ಯೋಗಿಗಳು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದರು. ಅದರಲ್ಲಿ 191 ಮಂದಿಗೆ ಕ್ರೋನ್ ರೋಗ, 230 ಮಂದಿಗೆ ಅಲ್ಸರೇಟಿವ್ ಕೊಲೈಟಿಸ್ ಬಂದಿತ್ತು. ಎಷ್ಟು ವರ್ಷ ರಾತ್ರಿಪಾಳಿ ಮಾಡಿದರು ಎಂಬುದಕ್ಕೂ ರೋಗಕ್ಕೂ ಸಂಬಂಧ ಕಾಣಲಿಲ್ಲ. ಆದರೆ ದಿನಕ್ಕೆ ಆರು ಗಂಟೆಗಿಂತ ಕಡಿಮೆ ನಿದ್ರಿಸುವವರಲ್ಲಿ, ಒಂಬತ್ತು ಗಂಟೆಗಿಂತ ಹೆಚ್ಚು ನಿದ್ರಿಸುವವರಲ್ಲಿ ಅಲ್ಸರೇಟಿವ್ ಕೊಲೈಟಿಸ್ ಹೆಚ್ಚಾಗಿತ್ತು.

ಇದರ ಅರ್ಥವೇನು? ರಾತ್ರಿಪಾಳಿ ನಿರಪರಾಧಿ ಎಂದು ಆಸ್ಪತ್ರೆಯ ಆಡಳಿತಗಾರರು ಈ ವಾಕ್ಯವನ್ನು ಗೋಡೆಗೆ ಅಂಟಿಸಿಕೊಳ್ಳಬಹುದು. ನಾನು ಹಾಗೆ ಓದುವುದಿಲ್ಲ. ರಾತ್ರಿಪಾಳಿ ಮೈಗೆ ಒಗ್ಗದವರು ಕೆಲವೇ ವರ್ಷಗಳಲ್ಲಿ ಅದನ್ನು ಬಿಟ್ಟು ಹಗಲಿನ ಕೆಲಸ ಹುಡುಕಿಕೊಳ್ಳುತ್ತಾರೆ. ದೀರ್ಘಕಾಲ ಉಳಿಯುವವರು ಗಟ್ಟಿಗರು. ಉಳಿದವರನ್ನು ಎಣಿಸಿದರೆ ರಾತ್ರಿಪಾಳಿ ಸೌಮ್ಯವಾಗಿ ಕಾಣುವುದು ಸಹಜ. ಇನ್ನು ನಿದ್ರೆಯ ಮಾತು. ರಾತ್ರಿಯ ಡ್ಯೂಟಿ ಮುಗಿಸಿ, ವಿರಾರಿಗೋ ಡೊಂಬಿವಿಲಿಗೋ ಲೋಕಲ್ ಗಾಡಿಯಲ್ಲಿ ನಿಂತು ಹೋಗಿ, ಮಕ್ಕಳ ಡಬ್ಬಿ, ಅತ್ತೆಯ ಔಷಧ, ನಳದ ನೀರು ಎಲ್ಲವನ್ನೂ ಮುಗಿಸಿದ ಹೆಂಗಸಿಗೆ ಆರು ಗಂಟೆಯ ನಿದ್ರೆ ಎಲ್ಲಿಂದ ಬರಬೇಕು? ಪಾಳಿ ಕಾಗದದ ಮೇಲೆ ಎಂಟು ಗಂಟೆ. ಅದು ನುಂಗುವ ನಿದ್ರೆಯ ಲೆಕ್ಕ ಮಸ್ಟರ್ ಪುಸ್ತಕದಲ್ಲಿ ಬರುವುದಿಲ್ಲ.

ಅದೇ ನರ್ಸುಗಳ ಅಧ್ಯಯನದಿಂದ ಹೊರಬಂದ ಇನ್ನೊಂದು ಸಂಗತಿಯನ್ನು ಇಲ್ಲಿರುವ ಸಿಸ್ಟರುಗಳು ವಿಶೇಷವಾಗಿ ಕೇಳಿಸಿಕೊಳ್ಳಬೇಕು. ತಿಂಗಳಿಗೆ ಹದಿನೈದು ದಿನ ಅಥವಾ ಅದಕ್ಕಿಂತ ಹೆಚ್ಚು ನೋವಿನ ಗುಳಿಗೆಗಳನ್ನು ನುಂಗುತ್ತಿದ್ದವರಲ್ಲಿ ಈ ಎರಡೂ ರೋಗಗಳು ಹೆಚ್ಚಾಗಿ ಕಂಡವು ಎಂದು 2012ರ ವರದಿ ಹೇಳಿತು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯ ಗುಳಿಗೆಗಳಿವು. ರೋಗಿಗಳನ್ನು ಎತ್ತಿ, ಹೊರಳಿಸಿ, ಎಂಟು ಗಂಟೆ ನಿಂತು ಸೊಂಟ ಬಿದ್ದುಹೋದವರಿಗೆ ಇದಲ್ಲದೆ ಬೇರೆ ಗತಿಯೇನು ಎಂದು ನೀವು ಕೇಳಬಹುದು. ಸೊಂಟನೋವು ಕೆಲಸದ್ದು, ಗುಳಿಗೆ ಸೊಂಟದ್ದು, ಕರುಳಿನ ಗಾಯ ಗುಳಿಗೆಯದ್ದು ಇರಬಹುದು. ಹೀಗೆ ಮೂರು ಹೆಜ್ಜೆ ದೂರದಿಂದ ಬರುವ ಅಪಾಯವನ್ನು ಯಾವ ಕಾಯಿದೆಯೂ ಗುರುತಿಸುವುದಿಲ್ಲ.

ಕಾಯಿದೆಗೆ ಪ್ರಿಯವಾದ ರೋಗ ಯಾವುದೆಂದು ನಮ್ಮ ಗಿರಣಿ ಕಾರ್ಮಿಕರನ್ನು ಕೇಳಬೇಕು. ಹತ್ತಿಯ ಧೂಳು ಶ್ವಾಸಕೋಶಕ್ಕೆ ಹೋಗಿ ಬಿಸಿನೋಸಿಸ್ ಬರುತ್ತದೆ. ಒಂದು ಧೂಳು, ಒಂದು ಅಂಗ, ಒಂದು ಗಿರಣಿ. 1923ರ ಪರಿಹಾರ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ ಅದಕ್ಕೆ ಸ್ಥಾನವಿತ್ತು. ಹಾಗಿದ್ದೂ ಎಷ್ಟು ಮಂದಿ ಗಿರಣಿ ಕಾರ್ಮಿಕರು ಆ ಪರಿಹಾರದ ಹಣವನ್ನು ಕಣ್ಣಿನಿಂದ ಕಂಡರು ಎಂಬುದು ಬೇರೆ ಕಥೆ. ಕರುಳಿನ ಉರಿಯೂತಕ್ಕೆ ಅಂಥ ಒಂದೇ ಕಾರಣವಿಲ್ಲ. ಹುಟ್ಟಿನಿಂದ ಬಂದ ಒಲವು, ಸೂಕ್ಷ್ಮಜೀವಿಗಳು, ಆಹಾರ, ಹಿಂದೆ ನುಂಗಿದ ಪ್ರತಿಜೈವಿಕಗಳು, ನಿದ್ರೆ, ಮನಸ್ಸು, ಎಲ್ಲವೂ ಸೇರಿ ಆಗುವ ರೋಗ ಅದು. ಇದನ್ನು ವೃತ್ತಿಜನ್ಯ ರೋಗವೆಂದು ಅನುಸೂಚಿಗೆ ಸೇರಿಸಬೇಕೆಂದು ನಾನು ಈ ವೇದಿಕೆಯಿಂದ ಒತ್ತಾಯಿಸುವುದಿಲ್ಲ. ಪುರಾವೆ ಇಲ್ಲದ ಬೇಡಿಕೆ ಇಟ್ಟರೆ ಪುರಾವೆಯುಳ್ಳ ಬೇಡಿಕೆಯೂ ಹಗುರಾಗುತ್ತದೆ.

ಪುರಾವೆಯುಳ್ಳ ಬೇಡಿಕೆ ಎರಡನೆಯ ಪ್ರಶ್ನೆಯಲ್ಲಿದೆ. ರೋಗ ಬಂದವರಿಗೆ ವಾರ್ಡು ಏನು ಮಾಡುತ್ತದೆ?

ನನ್ನ ಬಳಿ ಚಿಕಿತ್ಸೆಗೆ ಬರುತ್ತಿದ್ದ ಒಬ್ಬ ಸೋದರಿಯ ವಿಷಯ ಹೇಳುತ್ತೇನೆ. ಊರು, ಹೆಸರು, ಆಸ್ಪತ್ರೆ ಯಾವುದೂ ಬೇಡ. ಬೆಳಗಿನ ಪಾಳಿಗೆ ಹೋಗುವ ದಿನ ಆಕೆ ಹಿಂದಿನ ರಾತ್ರಿಯೇ ಊಟ ಬಿಡುತ್ತಿದ್ದಳು. ಬೆಳಿಗ್ಗೆ ಚಹವನ್ನೂ ಕುಡಿಯುತ್ತಿರಲಿಲ್ಲ. ಕಾರಣ ಕೇಳಿದರೆ, 'ಡಾಕ್ಟರೇ, ಗಾಡಿಯಲ್ಲಿ ಒಂದೂವರೆ ಗಂಟೆ ಇದೆಯಲ್ಲ' ಎಂದಳು. ನಮ್ಮ ನಗರದ ಲೋಕಲ್ ಗಾಡಿಗಳಲ್ಲಿ ಶೌಚಾಲಯವಿಲ್ಲ. ಆರೋಗ್ಯವಂತರಿಗೆ ಇದು ಗಮನಕ್ಕೂ ಬಾರದ ಸಂಗತಿ; ಆಕೆಗೆ ಅದು ದಿನದ ಮೊದಲ ಪರೀಕ್ಷೆ. ಯಾವ ಸ್ಟೇಷನ್ನಿನ ಯಾವ ತುದಿಯಲ್ಲಿ ಶೌಚಾಲಯವಿದೆ, ಯಾವುದಕ್ಕೆ ಬೀಗವಿರುತ್ತದೆ ಎಂಬುದು ಆಕೆಗೆ ಕಂಠಪಾಠವಾಗಿತ್ತು. ವಾರ್ಡಿನಲ್ಲಿ ಮೂವತ್ತೈದು ರೋಗಿಗಳಿಗೆ ಇಬ್ಬರು ಸಿಸ್ಟರುಗಳು. ಒಬ್ಬಳು ಔಷಧದ ಟ್ರಾಲಿ ಹಿಡಿದರೆ ಇನ್ನೊಬ್ಬಳು ಅಲ್ಲಾಡುವಂತಿಲ್ಲ. ನರ್ಸುಗಳ ಶೌಚಾಲಯ ಕೆಳಗಿನ ಮಹಡಿಯಲ್ಲಿ. ಒಮ್ಮೆ ರಕ್ತ ಕೊಡುತ್ತಿದ್ದ ರೋಗಿಯನ್ನು ಬಿಟ್ಟು ಐದು ನಿಮಿಷ ಹೋಗಿ ಬಂದುದಕ್ಕೆ ಆಕೆಗೆ ಮೆಮೊ ಬಂತು. ಮೆಮೊದಲ್ಲಿ ಕೇಳಿದ ವಿವರಣೆಗೆ ಆಕೆ ಬರೆದ ಉತ್ತರ 'ತಲೆ ಸುತ್ತಿತು' ಎಂದು. ನಿಜವನ್ನು ಬರೆಯಲಿಲ್ಲ. ಬರೆದರೆ ಕಚೇರಿಯ ಗುಮಾಸ್ತನಿಂದ ಹಿಡಿದು ಎಲ್ಲರೂ ಓದುತ್ತಾರೆ; ಮನೆಯಲ್ಲಿ ತಂಗಿಯ ಮದುವೆಯ ಮಾತು ನಡೆಯುತ್ತಿತ್ತು.

ಆ ಆಸ್ಪತ್ರೆಯ ಮೇಟ್ರನ್ ಕೆಟ್ಟವರಲ್ಲ. ಆಕೆಗೆ ನಿಜ ಗೊತ್ತಿದ್ದರೆ ಮೆಮೊ ಕೊಡುತ್ತಿರಲಿಲ್ಲವೇನೋ. ಆದರೆ ಮೂವತ್ತೈದು ರೋಗಿಗಳಿಗೆ ಇಬ್ಬರೇ ಇರುವ ವಾರ್ಡಿನಲ್ಲಿ ಮೇಟ್ರನ್ನಿನ ಕರುಣೆಗೂ ಮಿತಿಯಿದೆ. ಮೂರನೆಯವಳು ಇದ್ದಿದ್ದರೆ ಈ ಪ್ರಸಂಗವೇ ಹುಟ್ಟುತ್ತಿರಲಿಲ್ಲ.

ನಿದ್ರೆಯ ವಿಷಯಕ್ಕೆ ಇನ್ನೊಮ್ಮೆ ಬರಬೇಕು. ಕ್ರೋನ್ ರೋಗ ಶಮನವಾಗಿದ್ದವರಲ್ಲಿ ನಿದ್ರೆ ಕೆಟ್ಟವರಿಗೆ ಆರು ತಿಂಗಳೊಳಗೆ ರೋಗ ಮರುಕಳಿಸುವ ಸಾಧ್ಯತೆ ಸುಮಾರು ಎರಡು ಪಟ್ಟು ಎಂದು 2013ರ ಒಂದು ಅಧ್ಯಯನ ತೋರಿಸಿತು. ರೋಗ ಬರಿಸುವ ವಿಷಯದಲ್ಲಿ ರಾತ್ರಿಪಾಳಿಯ ಮೇಲೆ ಆರೋಪ ಸಾಬೀತಾಗಿಲ್ಲ. ಬಂದ ರೋಗವನ್ನು ಕೆಣಕುವ ವಿಷಯದಲ್ಲಿ ಕೆಟ್ಟ ನಿದ್ರೆಯ ಮೇಲೆ ಸಾಕ್ಷ್ಯವಿದೆ. ಎರಡನ್ನೂ ಬೇರೆ ಬೇರೆಯಾಗಿ ಹೇಳಬೇಕಾದುದು ಇದಕ್ಕಾಗಿಯೇ.

ಇನ್ನು ನನ್ನ ಮಾತಿನ ಮುಖ್ಯ ಭಾಗ. ಅದು ಕ್ಷಯದ ಕುರಿತದ್ದು.

ಕರುಳಿನ ಕ್ಷಯ ಮತ್ತು ಕ್ರೋನ್ ರೋಗ ಅವಳಿಜವಳಿಗಳಂತೆ. ಎರಡೂ ಸಣ್ಣ ಕರುಳು ದೊಡ್ಡ ಕರುಳನ್ನು ಕೂಡುವ ಜಾಗದಲ್ಲಿ ಮನೆ ಮಾಡುತ್ತವೆ. ಎರಡರಲ್ಲಿಯೂ ಜ್ವರ, ತೂಕ ಇಳಿಯುವುದು, ಹೊಟ್ಟೆನೋವು. ಬಯಾಪ್ಸಿಯ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಅನೇಕ ಸಲ ಗೊಂದಲ ತೀರುವುದಿಲ್ಲ. ಆಗ ನಮ್ಮ ದೇಶದ ವೈದ್ಯರು ಏನು ಮಾಡುತ್ತಾರೆ? ಮೊದಲು ಎರಡು ಮೂರು ತಿಂಗಳು ಕ್ಷಯದ ಔಷಧ ಕೊಟ್ಟು, ಮತ್ತೆ ಒಳಗೆ ನೋಡುತ್ತಾರೆ. ಹುಣ್ಣು ಮಾಯ್ದಿದ್ದರೆ ಕ್ಷಯ, ಇಲ್ಲದಿದ್ದರೆ ಕ್ರೋನ್. ಕ್ಷಯರೋಗಿಗಳ ನಡುವೆಯೇ ದುಡಿಯುವ ನರ್ಸಿನ ಮೇಲೆ ಕ್ಷಯದ ಅನುಮಾನ ಇನ್ನೂ ಬಲವಾಗಿರುತ್ತದೆ. ಅನುಮಾನ ಸುಳ್ಳಾದರೆ ಆಕೆಗೆ ಅಷ್ಟು ತಿಂಗಳ ಚಿಕಿತ್ಸೆ ತಡವಾಯಿತು. ಕರುಳು ಅಷ್ಟರಲ್ಲಿ ಕಿರಿದಾಗಿರಲೂಬಹುದು. ವೈದ್ಯನನ್ನು ಇದಕ್ಕಾಗಿ ದೂಷಿಸಲಾಗದು. ಕ್ಷಯವಿದ್ದವನಿಗೆ ಕ್ರೋನ್ ಎಂದು ಸ್ಟೀರಾಯ್ಡ್ ಕೊಟ್ಟರೆ ಪ್ರಾಣಕ್ಕೇ ಅಪಾಯ.

ರೋಗನಿರ್ಣಯ ಸರಿಯಾಗಿ ಆಯಿತೆನ್ನಿ. ಚಿಕಿತ್ಸೆ ಎಂದರೆ ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದು. ಮೆಸಲಮೀನ್ ಸೌಮ್ಯವಾದದ್ದು, ಅದರ ಮಟ್ಟದಲ್ಲಿಯೇ ರೋಗ ಹತೋಟಿಗೆ ಬಂದವರು ಪುಣ್ಯವಂತರು. ಉಳಿದವರಿಗೆ ಪ್ರೆಡ್ನಿಸೊಲೋನ್, ಅಜಥಯೊಪ್ರಿನ್, ಅದಕ್ಕೂ ಬಗ್ಗದಿದ್ದರೆ ಇನ್‌ಫ್ಲಿಕ್ಸಿಮ್ಯಾಬ್. ಈ ಕೊನೆಯದು 1998ರಲ್ಲಿ ಅಮೆರಿಕದಲ್ಲಿ ಕ್ರೋನ್ ರೋಗಕ್ಕೆ ಒಪ್ಪಿಗೆ ಪಡೆಯಿತು. 2001ರಲ್ಲಿಯೇ, ಇದನ್ನು ಪಡೆದ ಬಳಿಕ ಕ್ಷಯ ತಲೆದೋರಿದ 70 ಪ್ರಕರಣಗಳ ವರದಿ ಬಂತು. ಅವುಗಳಲ್ಲಿ 64 ಕ್ಷಯ ವಿರಳವಾಗಿರುವ ದೇಶಗಳವು. ಅಲ್ಲಿಯೇ ಹೀಗಾದರೆ ಇಲ್ಲಿ ಹೇಗೆ? ಶ್ವಾಸಕೋಶದಲ್ಲಿ ವರ್ಷಗಟ್ಟಲೆ ನಿದ್ರಿಸುತ್ತಿದ್ದ ಸುಪ್ತ ಕ್ಷಯವನ್ನು ದೇಹ ಒಂದು ಕೋಟೆ ಕಟ್ಟಿ ಸೆರೆಯಿಟ್ಟಿರುತ್ತದೆ. ಈ ಔಷಧ ಆ ಕೋಟೆಯ ಗೋಡೆಯನ್ನೇ ಸಡಿಲಿಸುತ್ತದೆ.

ಆದ್ದರಿಂದ ಚಿಕಿತ್ಸೆಗೆ ಮುನ್ನ ಎದೆಯ ಎಕ್ಸ್‌ರೇ, ಚರ್ಮದ ಪರೀಕ್ಷೆ ಅಥವಾ ರಕ್ತಪರೀಕ್ಷೆ ಮಾಡಿ ಸುಪ್ತ ಕ್ಷಯವನ್ನು ಹುಡುಕುತ್ತಾರೆ. ಹೆಪಟೈಟಿಸ್ ಬಿ ಇದೆಯೇ ಎಂದು ನೋಡುತ್ತಾರೆ. ಗುಮಾಸ್ತನಿಗೆ, ಶಿಕ್ಷಕಿಗೆ ಇದು ಬಹುಮಟ್ಟಿಗೆ ಸಾಕು. ಆದರೆ ಪರೀಕ್ಷೆ ಮುಗಿದ ಮರುದಿನ ಬೆಳಿಗ್ಗೆ ಕ್ಷಯದ ವಾರ್ಡಿಗೆ ಡ್ಯೂಟಿಗೆ ಹೋಗುವ ನರ್ಸಿಗೆ ಈ ಪರೀಕ್ಷೆಯ ಅರ್ಥವೇನು? ಆಕೆಯ ಅಪಾಯ ಹಳೆಯ ಕ್ಷಯ ಎಚ್ಚರವಾಗುವುದು ಮಾತ್ರವಲ್ಲ. ಹೊಸ ಕ್ಷಯ ದಿನವೂ ಉಸಿರಿನೊಂದಿಗೆ ಒಳಬರುವುದು. ನಮ್ಮ ನಗರದ ಸೇವರಿಯ ಕ್ಷಯರೋಗಾಸ್ಪತ್ರೆಯ ನೌಕರರಿಗೇ ಕ್ಷಯ ತಗಲಿದ್ದು, ಅವರಲ್ಲಿ ಕೆಲವರು ತೀರಿಕೊಂಡದ್ದು ಪತ್ರಿಕೆಗಳಲ್ಲಿ ಬಂದ ಸಂಗತಿ. ಅವರೆಲ್ಲ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಪಡೆಯುತ್ತಿದ್ದವರಲ್ಲ, ಸಾಮಾನ್ಯ ನೌಕರರು. ಹೀಗಿರುವಾಗ ಅಜಥಯೊಪ್ರಿನ್ ನುಂಗಿ ಅಂಥ ವಾರ್ಡಿನೊಳಗೆ ಹೋಗುವ ಹೆಣ್ಣುಮಗಳ ಸ್ಥಿತಿ ಊಹಿಸಿರಿ. ಆಕೆ ಕರುಳಿನ ರೋಗವನ್ನು ಬಚ್ಚಿಟ್ಟಿದ್ದಾಳೆ. ಆದ್ದರಿಂದ ತನ್ನನ್ನು ಬೇರೆ ವಾರ್ಡಿಗೆ ಹಾಕಿರೆಂದು ಕೇಳಲು ಆಕೆಗೆ ಕಾರಣವೇ ಇಲ್ಲ!

ಇಲ್ಲಿ ಕಾನೂನು ಮೂಕವಲ್ಲ ಎಂಬುದನ್ನು ನೀವು ತಿಳಿದಿರಬೇಕು. ಆಗಲೇ ಹೇಳಿದ ಮೂರನೆಯ ಅನುಸೂಚಿಯ ಮೊದಲ ಭಾಗದ ಮೊದಲ ನಮೂದಿನಲ್ಲಿಯೇ, ಸೋಂಕಿನ ವಿಶೇಷ ಅಪಾಯವಿರುವ ಉದ್ಯೋಗದಲ್ಲಿ ತಗಲುವ ಸಾಂಕ್ರಾಮಿಕ ರೋಗಗಳು ಬರುತ್ತಿದ್ದವು; ಅಂಥ ಉದ್ಯೋಗಗಳಲ್ಲಿ ಆರೋಗ್ಯಸೇವೆ ಮತ್ತು ಪ್ರಯೋಗಾಲಯದ ಕೆಲಸವನ್ನು ಹೆಸರಿಸಲಾಗಿತ್ತು. 2020ರ ಸಾಮಾಜಿಕ ಭದ್ರತೆಯ ಸಂಹಿತೆಯೂ ಈ ಪಟ್ಟಿಯನ್ನು ಉಳಿಸಿಕೊಂಡಿದೆ. ಅಂದರೆ ವಾರ್ಡಿನಲ್ಲಿ ಕ್ಷಯ ತಗಲಿದರೆ ಅದು ಕೆಲಸದಲ್ಲಾದ ಅಪಘಾತಕ್ಕೆ ಸಮಾನ. ನೌಕರಳ ರೋಗನಿರೋಧಕ ಶಕ್ತಿ ಔಷಧದಿಂದ ತಗ್ಗಿದ್ದರೆ ಇದು ಅನ್ವಯಿಸದು ಎಂಬ ಮಾತು ಅನುಸೂಚಿಯಲ್ಲಿ ಎಲ್ಲಿಯೂ ಇಲ್ಲ. 'ನಿನ್ನ ಔಷಧದಿಂದ ನಿನಗೆ ಕ್ಷಯ ಬಂತು' ಎಂದು ಯಾವ ಆಡಳಿತಗಾರನಾದರೂ ಹೇಳಿದರೆ, ಔಷಧ ಕ್ಷಯದ ಕ್ರಿಮಿಯನ್ನು ತಯಾರಿಸುವುದಿಲ್ಲ ಎಂದು ಉತ್ತರಿಸಿರಿ.

ಕರುಳಿನ ಉರಿಯೂತಕ್ಕೆ ಮಾತ್ರ ಅಂಥ ಆಸರೆಯಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಅಂಗವೈಕಲ್ಯಗಳ ಸಂಖ್ಯೆಯನ್ನು ಏಳರಿಂದ ಇಪ್ಪತ್ತೊಂದಕ್ಕೆ ಏರಿಸಿತು. ಹಿಮೊಫಿಲಿಯಾ ಬಂತು, ಪಾರ್ಕಿನ್ಸನ್ ಬಂತು. ಕರುಳು ಬರಲಿಲ್ಲ. ಹೊರಗೆ ಕಾಣದ ರೋಗಕ್ಕೆ ಪಟ್ಟಿಯಲ್ಲಿ ಜಾಗ ಸಿಗುವುದು ಕಷ್ಟ. ನರ್ಸುಗಳ ವೇತನದ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯವೇ 2016ರಲ್ಲಿ ಕೈಗೆತ್ತಿಕೊಂಡು ಸಮಿತಿ ರಚಿಸುವಂತೆ ಹೇಳಿತು. ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿಯೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಾಗಬಾರದೆಂದು ಆ ಸಮಿತಿ ಶಿಫಾರಸು ಮಾಡಿತು. ಅಷ್ಟೂ ಸಿಗದ ಕಡೆ ಸಂಬಳ ಕಡಿತವಿಲ್ಲದ ರಜೆಯ ಮಾತು ದೂರವೇ ಉಳಿಯಿತು.

2020ರ ಮಹಾಮಾರಿಯ ದಿನಗಳು ಇದನ್ನೆಲ್ಲ ಬೆಳಕಿಗೆ ತಂದವು. ಪ್ಲಾಸ್ಟಿಕ್ಕಿನ ರಕ್ಷಣಾ ಉಡುಪು ತೊಟ್ಟು ಆರೆಂಟು ಗಂಟೆ ಅದನ್ನು ಬಿಚ್ಚದೆ ದುಡಿಯಬೇಕಾಗಿತ್ತು. ಆರೋಗ್ಯವಂತ ನರ್ಸುಗಳೇ ನೀರು ಕುಡಿಯುವುದನ್ನು ಬಿಟ್ಟರು. ಎಷ್ಟೋ ಮಂದಿ ಡಯಾಪರ್ ಕಟ್ಟಿಕೊಂಡು ಪಾಳಿ ಮುಗಿಸಿದರು. ಚಪ್ಪಾಳೆ ತಟ್ಟಿದ ನಾವು ಅದನ್ನು ಕೇಳಲಿಲ್ಲ. ಆ ವರ್ಷವೇ 33 ದೇಶಗಳ 525 ರೋಗಿಗಳ ಮಾಹಿತಿ ಸಂಗ್ರಹಿಸಿ ಪ್ರಕಟಿಸಿದ ವರದಿಯೊಂದು, ಕರುಳಿನ ಉರಿಯೂತವಿದ್ದವರಲ್ಲಿ ಸ್ಟೀರಾಯ್ಡ್ ನುಂಗುತ್ತಿದ್ದವರಿಗೆ ಕೋವಿಡ್ ಉಗ್ರವಾಗುವ ಸಾಧ್ಯತೆ ಹೆಚ್ಚೆಂದು ಹೇಳಿತು. ಇನ್‌ಫ್ಲಿಕ್ಸಿಮ್ಯಾಬ್ ಜಾತಿಯ ದುಬಾರಿ ಔಷಧಗಳಿಗೆ ಆ ದೋಷ ಕಾಣಲಿಲ್ಲ. ದುಬಾರಿ ಔಷಧ ಕೊಳ್ಳಲಾರದೆ ಅಗ್ಗದ ಪ್ರೆಡ್ನಿಸೊಲೋನಿನ ಮೇಲೆಯೇ ತಿಂಗಳುಗಟ್ಟಲೆ ದಿನ ದೂಡುವವರು ಯಾರೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಮಾಡಬೇಕಾದುದೇನು? ಸಿಸ್ಟರುಗಳಿಗೆ ನಾನು ಹೇಳುವುದು ಸ್ವಲ್ಪವೇ. ಎರಡು ವಾರಕ್ಕಿಂತ ಹೆಚ್ಚು ಕಾಲ ಮಲದಲ್ಲಿ ರಕ್ತ ಕಂಡರೆ ವಾರ್ಡಿನ ಬೀರುವನ್ನು ತೆರೆಯಬೇಡಿರಿ, ಹೊರರೋಗಿ ವಿಭಾಗಕ್ಕೆ ಹೋಗಿ ಚೀಟಿ ಮಾಡಿಸಿರಿ. ಸೊಂಟನೋವಿಗೆ ದಿನವೂ ಡೈಕ್ಲೊಫೆನಾಕ್ ಬೇಡ. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸು ಆಗಿದೆಯೇ ನೋಡಿಕೊಳ್ಳಿರಿ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಆರಂಭವಾದ ಮೇಲೆ ಲಸಿಕೆಯ ಫಲ ಕುಂದುತ್ತದೆ. ಜೀವಂತ ಕ್ರಿಮಿಯುಳ್ಳ ಲಸಿಕೆಗಳನ್ನು ಆಗ ಕೊಡುವಂತೆಯೂ ಇಲ್ಲ. ಔಷಧ ಆರಂಭವಾದ ಬಳಿಕ ಕೆಮ್ಮು, ಸಂಜೆಯ ಜ್ವರ ಬಂದರೆ ಅದನ್ನು ಮಳೆಗಾಲದ ಶೀತವೆಂದು ತಳ್ಳಿಹಾಕಬೇಡಿರಿ.

ಸಂಘಕ್ಕೆ ಹೇಳುವುದು ಬೇರೆ. ನಾವು ಪ್ರತಿವರ್ಷ ವೈದ್ಯಕೀಯ ಶಿಬಿರ ನಡೆಸಿ ರಕ್ತದೊತ್ತಡ, ಸಕ್ಕರೆ ನೋಡುತ್ತೇವೆ. ಆ ಶಿಬಿರದಲ್ಲಿ ಸೇವೆ ಮಾಡುವ ಸಿಸ್ಟರುಗಳ ಆರೋಗ್ಯವನ್ನು ಒಮ್ಮೆಯೂ ವಿಚಾರಿಸಿಲ್ಲ. ಆಸ್ಪತ್ರೆಗಳ ಕಾರ್ಮಿಕ ಸಂಘಟನೆಗಳಲ್ಲಿ ನಮ್ಮ ಸದಸ್ಯರಿದ್ದಾರೆ. ಅವರು ಬೋನಸ್ಸಿನ ಜೊತೆಗೆ ಪ್ರತಿ ಮಹಡಿಯಲ್ಲಿ ನೌಕರರಿಗೊಂದು ಶೌಚಾಲಯ, ಪ್ರತಿ ಪಾಳಿಯಲ್ಲಿ ಬಿಡುವಿಗೆ ಬದಲಿ ನರ್ಸು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಪಡೆಯುವವರಿಗೆ ಕ್ಷಯದ ವಾರ್ಡಿನಿಂದ ವಿನಾಯಿತಿ, ಈ ಬೇಡಿಕೆಗಳನ್ನೂ ಇಡಲಿ. ಇವುಗಳಲ್ಲಿ ಯಾವುದಕ್ಕೂ ರೋಗ ಕೆಲಸದಿಂದಲೇ ಬಂತೆಂದು ಸಾಧಿಸುವ ಅಗತ್ಯವಿಲ್ಲ.

ಕಡೆಯದಾಗಿ ಒಂದು ಕಾಗದದ ವಿಷಯ. ವೈದ್ಯಕೀಯ ಪ್ರಮಾಣಪತ್ರದಲ್ಲಿ ರೋಗದ ಹೆಸರನ್ನು ಬರೆಯಲೇಬೇಕು ಎಂದು ಅನೇಕರು ತಿಳಿದಿದ್ದಾರೆ. ಅದರಿಂದಲೇ ಪ್ರಮಾಣಪತ್ರ ತರಲು ಹಿಂಜರಿಯುತ್ತಾರೆ. ಕೆಲಸದ ಹಂಚಿಕೆಗೆ ಬೇಕಾದುದು ಮೂರು ಸಾಲು ಮಾತ್ರ: ಈ ನೌಕರರು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಚಿಕಿತ್ಸೆಯಲ್ಲಿದ್ದಾರೆ, ಇವರನ್ನು ಕ್ಷಯ ಮತ್ತು ಇತರ ಸಾಂಕ್ರಾಮಿಕ ರೋಗಗಳ ವಾರ್ಡಿಗೆ ನಿಯೋಜಿಸಬಾರದು, ಇಂತಿಷ್ಟು ತಿಂಗಳು ಇವರಿಗೆ ಸತತ ರಾತ್ರಿಪಾಳಿ ಬೇಡ, ಶೌಚಾಲಯಕ್ಕೆ ಸಮೀಪದ ಕೆಲಸ ಕೊಡತಕ್ಕದ್ದು. ಹೀಗೆ ಬರೆದುಕೊಡಿರೆಂದು ನಿಮ್ಮ ವೈದ್ಯರನ್ನು ಕೇಳಬಹುದು. ಇದರ ಕನ್ನಡ, ಮರಾಠಿ, ಇಂಗ್ಲಿಷ್ ನಮೂನೆಗಳನ್ನು ಟೈಪು ಮಾಡಿಸಿ ಗ್ರಂಥಾಲಯದ ಮೇಜಿನ ಮೇಲೆ ಇಟ್ಟಿದ್ದೇನೆ. ಹೋಗುವಾಗ ತೆಗೆದುಕೊಂಡು ಹೋಗಿರಿ, ಹೆಸರು ಬರೆಸಬೇಕಾಗಿಲ್ಲ.